ಐದು ಅರ್ಧ

ಬಚ್ಚಲುಮನೆಗೆ ಚಿಲಕ ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ಬಿಟ್ಟು, ಕಂಡಕ್ಟರು ಮೂರನೆಯ ಸಲ ಮಾತ್ರೆ ಎಣಿಸಿದರು. ಆರು. ಹತ್ತರ ಸ್ಟ್ರಿಪ್ಪಿನಲ್ಲಿ ನಾಲ್ಕು ಗುಳಿ ಒಡೆದಿದ್ದವು, ಆರು ಹಾಗೇ ಇದ್ದವು. ಮೂವತ್ತೊಂದು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ತಲೆ ಎಣಿಸಿದ ಮನುಷ್ಯನಿಗೆ ಆರು ಮಾತ್ರೆ ಎಣಿಸುವುದೇನೂ ಕಷ್ಟವಲ್ಲ. ಆದರೂ ನಾಲ್ಕನೆಯ ಸಲ ಎಣಿಸಿದರು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಆರು ದಿನ, ಆರು ಮಾತ್ರೆ. ಲೆಕ್ಕ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ತೊಂದರೆ.

“ಅಪ್ಪಾ, ಇನ್ನೂ ಎಷ್ಟೊತ್ತು? ವ್ಯಾನು ಬಂದು ನಿಂತಿದೆ.” ಹೊರಗಿನಿಂದ ಮಗಳ ದನಿ.

“ಬಂದೆ. ಮುಖ ತೊಳೀತಿದೀನಿ.”

ಮುಖ ಒಣಗಿಯೇ ಇತ್ತು. ಸ್ಟ್ರಿಪ್ಪನ್ನು ಕಿಟಕಿಯ ಮೇಲಿಟ್ಟರು, ತೆಗೆದರು. ಸೋಪಿನ ಡಬ್ಬಿಯ ಹಿಂದೆ ತುರುಕಿದರು, ಅಲ್ಲಿಂದಲೂ ತೆಗೆದರು. ಕಡೆಗೆ ಅಂಗಿಯ ಎಡಜೇಬಿಗೆ ಹಾಕಿಕೊಂಡು, ಹೇಳಿದ ಮಾತು ಸುಳ್ಳಾಗಬಾರದೆಂದು ಮುಖಕ್ಕೆ ಎರಡು ಬೊಗಸೆ ನೀರು ಎರಚಿಕೊಂಡರು.

ನಡುಮನೆಯಲ್ಲಿ ಹೆಂಡತಿ ಮಲಗಿದ್ದಳು. ಹೊಲಿಗೆ ಮೆಷಿನ್ನನ್ನು ಗೋಡೆಗೆ ಒತ್ತರಿಸಿ, ಮೇಲೊಂದು ಹೊದಿಕೆ ಎಸೆದು, ಜಾಗ ಮಾಡಿದ್ದರು. ತಲೆಯ ಹತ್ತಿರ ಕಂಡಕ್ಟರ ತಂಗಿ ಕೂತಿದ್ದಳು. ಪಕ್ಕದೂರಿನಿಂದ ನಿನ್ನೆ ಸಂಜೆ ಬಂದವಳು ಇನ್ನೂ ಎದ್ದಿರಲಿಲ್ಲ.

“ಶನಿವಾರ ಫೋನಿನಲ್ಲಿ ನನ್ನ ಜೊತೆ ಎಷ್ಟು ಚೆನ್ನಾಗಿ ಮಾತಾಡಿದ್ರು ಅತ್ತಿಗೆ,” ಎಂದಳು. “ಏನಾಯ್ತು ಅಂತ ಯಾರಾದ್ರೂ ನನಗೆ ತಿಳಿಯೋ ಹಾಗೆ ಹೇಳಿ.”

“ಹಾರ್ಟು ನಿಂತೋಯ್ತಂತೆ. ಹನ್ನೊಂದು ವರ್ಷದಿಂದ ಆ ಕಾಯಿಲೆ ಇತ್ತಲ್ಲಮ್ಮ,” ಎಂದಳು ಎದುರುಮನೆಯವಳು. “ಒದ್ದಾಡ್ಲಿಲ್ಲ, ಅಷ್ಟೇ ಸಮಾಧಾನ. ಅಲ್ಲ, ಮಾತ್ರೆ ಎಲ್ಲ ಸರಿಯಾಗಿ ತಗೊಳ್ತಿದ್ರು ತಾನೆ?”

“ಅಪ್ಪ ಇರೋವಾಗ ತಪ್ಪೋದುಂಟಾ? ಅಮ್ಮ ಮರೆತ್ರೂ ಅಪ್ಪ ಮರೆಯಲ್ಲ,” ಎಂದಳು ಮಗಳು, ಕಂಡಕ್ಟರ ಬೆನ್ನಿನ ಮೇಲೆ ಕೈಯಿಟ್ಟು.

ಕಂಡಕ್ಟರು ಹೆಂಡತಿಯ ಪಾದದ ಬಳಿ ಬಾಗಿದರು. ಜೇಬಿನಲ್ಲಿ ಸ್ಟ್ರಿಪ್ಪು ಚರಪರ ಅಂದಿತು. ಎಲ್ಲರಿಗೂ ಕೇಳಿಸಿತೆಂದುಕೊಂಡು ತಲೆಯೆತ್ತಿದರೆ, ಯಾರೂ ಅವರ ಕಡೆ ನೋಡುತ್ತಿರಲಿಲ್ಲ.

*

ಊರಿಗೆಲ್ಲ ಕಂಡಕ್ಟರ ಹೆಂಡತಿ ಟೇಪಕ್ಕ. ಕೊರಳಲ್ಲಿ ಅಳತೆ ಟೇಪು ಇಲ್ಲದೆ ಅವಳನ್ನು ಕಂಡವರಿರಲಿಲ್ಲ. ಮಗಳ ಮದುವೆಯ ಫೋಟೋದಲ್ಲೂ ಒಳ್ಳೆಯ ಸೀರೆಯ ಮೇಲೆ ಹಳದಿ ಟೇಪು ಇಳಿಬಿದ್ದಿದೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣಿನಲ್ಲೇ ಅಳೆದುಬಿಡುವಳು. “ಮೂವತ್ನಾಲ್ಕು ಅಂತ ಹೇಳ್ಬೇಡಿ ಸ್ವಾಮಿ. ಹೊಟ್ಟೆ ಒಳಗೆಳ್ಕೊಂಡು ಎಷ್ಟೊತ್ತು ನಿಲ್ತೀರಿ? ಉಸಿರು ಬಿಡಿ, ಮೂವತ್ತೇಳು ಬರತ್ತೆ.”

ಕಂಡಕ್ಟರು ಅವಳನ್ನು ಮೊದಲು ಕಂಡದ್ದೂ ಗಿರಾಕಿಯಾಗಿಯೇ. ಚಿಲ್ಲರೆಯ ಭಾರಕ್ಕೆ ಯೂನಿಫಾರಮ್ಮಿನ ಜೇಬು ತಿಂಗಳಿಗೊಮ್ಮೆ ಹರಿಯುತ್ತಿತ್ತು. ಅವಳು ಒಳಗಿನಿಂದ ದಪ್ಪ ಬಟ್ಟೆ ಕೊಟ್ಟು ಹೊಲಿದಳು. ಆಮೇಲೆ ಜೇಬು ಹರಿಯಲೇ ಇಲ್ಲ. ಬರಲು ನೆಪವಿಲ್ಲದೆ ಕಂಡಕ್ಟರು ವಾರಕ್ಕೊಂದು ಗುಂಡಿ ತಾವೇ ಕತ್ತರಿಸಿಕೊಂಡು ಬರತೊಡಗಿದರು. ಐದನೆಯ ವಾರ ಅವಳು ದಾರ ಕಚ್ಚಿ ತುಂಡರಿಸುತ್ತಾ, “ಗುಂಡಿ ತಾನಾಗಿ ಬಿದ್ರೆ ದಾರದ ತುದಿ ನವೆದಿರತ್ತೆ. ನಿಮ್ಮದು ಕತ್ತರಿಸಿದ್ದು. ಏನು ಹೇಳ್ಬೇಕು ಅಂತಿದೀರೋ ಹೇಳಿ, ಅಂಗಿ ಹಾಳು ಮಾಡ್ಬೇಡಿ,” ಎಂದಿದ್ದಳು.

ಹನ್ನೊಂದು ವರ್ಷದ ಹಿಂದೆ ಮೆಷಿನ್ ತುಳಿಯುತ್ತಿರುವಾಗಲೇ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳು. ಬದುಕಿ ಬಂದಳು. ಪೆಡಲು ತುಳಿಯಬೇಡಿ ಎಂದರು ಡಾಕ್ಟರು. ಮಗಳು ಮೆಷಿನ್ನಿಗೆ ಮೋಟರು ಹಾಕಿಸಿದಳು. ಹೃದಯಕ್ಕೂ ಬೀಪಿಗೂ ಸೇರಿ ದಿನಕ್ಕೊಂದು ಬಿಳಿ ಮಾತ್ರೆ. ಹೃದಯ ಓಡುವುದನ್ನು ಅದು ನಿಧಾನ ಮಾಡುತ್ತದೆ, ನಿಧಾನವಾದರೆ ಅದರ ದುಡಿಮೆ ಕಡಿಮೆ ಎಂದು ಕ್ಲಿನಿಕ್ಕಿನ ನರ್ಸಮ್ಮ ವಿವರಿಸಿದ್ದಳು.

“ಬ್ರೇಕು ಅನ್ನಿ,” ಎಂದಿದ್ದರು ಕಂಡಕ್ಟರು.

“ಬ್ರೇಕೇ. ಇಳಿಜಾರಿನಲ್ಲಿ ಬ್ರೇಕಿಂದ ತಟ್ಟನೆ ಕಾಲು ತೆಗೆದ್ರೆ ಏನಾಗತ್ತೋ, ಈ ಮಾತ್ರೆ ತಟ್ಟನೆ ಬಿಟ್ರೂ ಅದೇ ಆಗತ್ತೆ. ನಾಡಿ ಐವತ್ತಕ್ಕಿಂತ ಕೆಳಗೆ ಬಂದ್ರೆ, ತಲೆ ಸುತ್ತಿದ್ರೆ, ನಮಗೆ ಫೋನ್ ಮಾಡಿ. ನೀವಾಗಿ ನೀವು ನಿಲ್ಲಿಸ್ಬೇಡಿ.”

ಅಂದಿನಿಂದ ದಿನಾ ಬೆಳಗ್ಗೆ ಅವಳ ಮಣಿಕಟ್ಟು ಕಂಡಕ್ಟರ ಕೈಯಲ್ಲಿ. ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ, “ಅರವತ್ತೆರಡು. ರೈಟ್!” ಎಂದು ಮಾತ್ರೆ ಅಂಗೈಗೆ ಹಾಕುವರು. “ಎಷ್ಟನೇ ಸ್ಟಾಪು ಇಳೀಬೇಕು ಅಂತಾನೂ ಹೇಳಿಬಿಡ್ರೀ,” ಎನ್ನುವಳು ಅವಳು.

*

ಸ್ಮಶಾನದಲ್ಲಿ ಎಲ್ಲವೂ ಅವರು ನೆನೆಸಿದ್ದಕ್ಕಿಂತ ಬೇಗ ಮುಗಿಯಿತು. ಜನ ಎರಡೆರಡಾಗಿ ಗೇಟಿನ ಕಡೆ ನಡೆದರು. ಔಷಧಿ ಅಂಗಡಿಯವನು ಹಿಂದೆಯೇ ಉಳಿದು, ಕಂಡಕ್ಟರ ಪಕ್ಕಕ್ಕೆ ಬಂದ. ಅಂಗಡಿಗೆ ಬೀಗ ಹಾಕಿ ಬಂದಿದ್ದ. ಕೀಗೊಂಚಲು ಕೈಯಲ್ಲೇ ಇತ್ತು.

“ನನಗಂತೂ ನಂಬೋಕಾಗ್ತಿಲ್ಲ ಕಂಡಕ್ಟ್ರೇ. ಶುಕ್ರವಾರ ಅಕ್ಕ ಅಂಗಡಿಗೆ ಬಂದಿದ್ರು.”

“ಶುಕ್ರವಾರವಾ? ಶುಕ್ರವಾರ ಅವಳು ಗುಂಡಿ ತರೋಕೆ ಹೋಗಿದ್ದು.”

“ಗುಂಡಿ ಪೊಟ್ಟಣಾನೂ ಇತ್ತು ಕೈಯಲ್ಲಿ. ಅದೇ ಹಾರ್ಟಿನ ಮಾತ್ರೆ, ಒಂದು ಸ್ಟ್ರಿಪ್ ತಗೊಂಡ್ರು. ಹೋದ ವಾರ ತಾನೇ ಕಂಡಕ್ಟ್ರು ತಗೊಂಡು ಹೋದ್ರಲ್ಲ ಅಕ್ಕ ಅಂದೆ. ಅದಕ್ಕೆ,” ಅವನು ನಕ್ಕ, ನಕ್ಕದ್ದಕ್ಕೆ ತಾನೇ ಮುಜುಗರಪಟ್ಟುಕೊಂಡ, “‘ಮನೇಲಿ ಒಂದು ದೊಡ್ಡ ಇಲಿ ಇದೆ ಕಣಯ್ಯ, ಎತ್ಕೊಂಡು ಹೋಗಿ ಬಚ್ಚಿಟ್ಟಿದೆ’ ಅಂದ್ರು.”

ಕಂಡಕ್ಟರಿಗೆ ಕಾಲ ಕೆಳಗಿನ ಮಣ್ಣು ಸ್ವಲ್ಪ ಓರೆಯಾದಂತಾಯಿತು. ಹಾಗಾದರೆ ಅವಳು ಸುಮ್ಮನೆ ಒಪ್ಪಿಕೊಂಡಿರಲಿಲ್ಲ. ನಾನು ಬೇಡವೆಂದು ಎತ್ತಿಟ್ಟ ಮೇಲೂ ತಗೊಂಡಳೇ? ತಗೊಂಡಿದ್ದರೆ ನಾನು ನಿಲ್ಲಿಸಿದ್ದರಿಂದ ಹೋದಳೆನ್ನುವುದು ಸುಳ್ಳು. ಆದರೆ ಅಷ್ಟು ನಿಧಾನವಾಗಿದ್ದ ನಾಡಿಯ ಮೇಲೆ ಇಡೀ ಮಾತ್ರೆ ನುಂಗಿದ್ದರೆ? ನಿಲ್ಲಿಸಿದ್ದು ತಪ್ಪೋ, ನಿಲ್ಲಿಸದೇ ಹೋದದ್ದು ತಪ್ಪೋ? ಸುಮ್ಮನೆ ತಂದಿಟ್ಟುಕೊಂಡಿದ್ದಳೋ ಏನೋ. ಯೋಚನೆಗಳು ಒಂದರ ಮೇಲೊಂದು ಹತ್ತುತ್ತಿದ್ದವು, ಯಾವುದೂ ಇಳಿಯುತ್ತಿರಲಿಲ್ಲ.

“ಹುಷಾರು, ಕಂಡಕ್ಟ್ರೇ,” ಎಂದು ಅವನು ತೋಳು ಹಿಡಿದ. “ಬನ್ನಿ, ನನ್ನ ಕಾರಿನಲ್ಲೇ ಹೋಗೋಣ.”

*

ಹೋದ ಗುರುವಾರ ಬೆಳಗ್ಗೆ ಅವಳು ಹಾಸಿಗೆಯಿಂದೆದ್ದು ಗೋಡೆ ಹಿಡಿದು ನಿಂತಳು. “ಯಾಕೋ ಮನೆ ಒಂದು ಸುತ್ತು ಬಂತು ನೋಡಿ.” ಕಂಡಕ್ಟರು ಕೂರಿಸಿ ನಾಡಿ ಹಿಡಿದರು. ನಲವತ್ತಾರು. ಮತ್ತೆ ಎಣಿಸಿದರು. ನಲವತ್ತಾರು. ಬೀಪಿ ಮೆಷಿನ್ನಿನಲ್ಲೂ ಅದೇ.

ಅವರು ಕ್ಲಿನಿಕ್ಕಿಗೆ ಫೋನ್ ಮಾಡಿದ್ದು ನಿಜ. ಎತ್ತಿದ್ದು ಹೊಸ ಹುಡುಗಿ. ಡಾಕ್ಟ್ರು ಊರಿನಲ್ಲಿಲ್ಲ, ಮಂಗಳವಾರ ಬೆಳಗ್ಗೆ ಬನ್ನಿ ಎಂದಳು. ಏಕೆ ಎಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಫೋನಿಟ್ಟ ಮೇಲೆ ಸ್ಟ್ರಿಪ್ಪು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಗಲೇ ಇಷ್ಟು ನಿಧಾನ ಹೋಗುತ್ತಿರುವ ಗಾಡಿಗೆ ಮತ್ತೆ ಬ್ರೇಕು ಹಾಕುವುದೇ? ನರ್ಸಮ್ಮ ಹೇಳಿದ್ದರಲ್ಲಿ ಐವತ್ತು ಎಂಬ ಅಂಕಿ ನೆನಪಿತ್ತು. ಉಳಿದದ್ದು ಹನ್ನೊಂದು ವರ್ಷದಲ್ಲಿ ಎಲ್ಲೋ ಸವೆದುಹೋಗಿತ್ತು.

“ಮಂಗಳವಾರದವರೆಗೆ ಇದು ಬೇಡ,” ಎಂದು ಸ್ಟ್ರಿಪ್ಪನ್ನು ತಮ್ಮ ಹಳೆಯ ಚರ್ಮದ ಚೀಲದಲ್ಲಿ ಹಾಕಿಟ್ಟರು.

“ಹಂಗೆಲ್ಲ ಬಿಡಬಾರದು ಅಂತಿದ್ರಲ್ರೀ ನರ್ಸಮ್ಮ?”

“ನಾಡಿ ಹಿಡಿಯೋನು ನಾನಾ, ನರ್ಸಮ್ಮನಾ?”

ಅವಳು ಅವರ ಮುಖವನ್ನು ಒಂದು ಸಲ ನೋಡಿದಳು, ಗಿರಾಕಿಯನ್ನು ಅಳೆಯುವ ಹಾಗೆ.

ಆಮೇಲೆ ಅವಳು ಚೆನ್ನಾಗಿಯೇ ಇದ್ದಳು. ಶನಿವಾರದ ಹೊತ್ತಿಗೆ ನಾಡಿ ಐವತ್ತೆಂಟು, ತಲೆಸುತ್ತಿಲ್ಲ, ಹಾಡಿಕೊಂಡು ಕೋಟಿಗೆ ಕಾಲರು ಕೂರಿಸುತ್ತಿದ್ದಳು. ಕಂಡಕ್ಟರಿಗೆ ಹೆಮ್ಮೆಯಾಯಿತು. ಅದೇ ಹೊತ್ತಿಗೆ ತಂಗಿಯ ಫೋನು. ಅವಳಿಗೂ ಬೀಪಿ, ಅವಳದ್ದೂ ಅದೇ ಜಾತಿಯ ಮಾತ್ರೆ. ಕೈಕಾಲು ಸದಾ ತಣ್ಣಗಿರುತ್ತದೆ, ಮೆಟ್ಟಿಲು ಹತ್ತಿದರೆ ಜೀವ ಬಾಯಿಗೆ ಬರುತ್ತದೆ ಎಂದು ಗೋಳಾಡಿದಳು.

“ನೀನೂ ನಿಲ್ಲಿಸು,” ಎಂದಿದ್ದರು ಕಂಡಕ್ಟರು. “ನಿಮ್ಮತ್ತಿಗೆಗೆ ನಿಲ್ಲಿಸಿ ಮೂರು ದಿನ ಆಯ್ತು. ಹೂವಿನ ಹಾಗಿದಾಳೆ. ಬೇಕಾದ್ರೆ ಅವಳ ಜೊತೆನೇ ಮಾತಾಡು.”

ಫೋನು ಹೆಂಡತಿಯ ಕೈಗೆ ಕೊಟ್ಟು ಅವರು ಹಾಲು ತರಲು ಹೋದರು. ಅವಳ ಹತ್ತಿರ ತಂಗಿ ಮಾತ್ರೆಯ ಸುದ್ದಿ ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು. ತನ್ನ ಮಗಳ ಹೆರಿಗೆ, ಸೊಸೆಯ ಕೆಲಸ, ಅದೇ ಮಾತು. ಮಂಗಳವಾರ ಬೆಳಗ್ಗೆ ಏಳು ಗಂಟೆಗೆ, ಕ್ಲಿನಿಕ್ಕಿಗೆ ಹೊರಡಲೆಂದು ಚಪ್ಪಲಿ ಮೆಟ್ಟಲು ಬಾಗಿದ ಟೇಪಕ್ಕ ಮತ್ತೆ ಏಳಲಿಲ್ಲ.

*

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಮಗಳ ಪಕ್ಕ ಕೂತಿದ್ದಳು. ಒಳಕೋಣೆಯಲ್ಲಿ ತಂಗಿಯನ್ನು ಮಲಗಿಸಿ ಇಬ್ಬರು ಹೆಂಗಸರು ಗಾಳಿ ಹಾಕುತ್ತಿದ್ದರು.

“ಅತ್ತೆಗೆ ಎದೆ ಢವಢವ ಅಂತಿದೆಯಂತೆ ಅಪ್ಪ. ತಲೆ ಸಿಡೀತಿದೆಯಂತೆ. ನಿನ್ನೆಯಿಂದ ಅಳು ನಿಲ್ಲಿಸಿಲ್ಲವಲ್ಲ.”

“ದುಃಖ ಕಣಮ್ಮ, ಇನ್ನೇನು,” ಎಂದಳು ಎದುರುಮನೆಯವಳು. “ಕಣ್ಣು ಮುಚ್ಚಿ ಮಲಗಿದ್ರೆ ಸರಿಹೋಗತ್ತೆ.”

ಕಂಡಕ್ಟರು ಕೋಣೆಯೊಳಗೆ ಹೋದರು. ತಂಗಿಯ ಹಣೆ ಬೆವೆತಿತ್ತು. ಕೊರಳಿನ ನರ ಬರಿಗಣ್ಣಿಗೆ ಕಾಣುವಂತೆ ಹಾರುತ್ತಿತ್ತು. ಬಾಗಿ, ಯಾರಿಗೂ ಕೇಳದ ಹಾಗೆ, “ಮಾತ್ರೆ?” ಎಂದರು.

“ನೀನೇ ಹೇಳಿದ್ಯಲ್ಲ ಅಣ್ಣ,” ಎಂದಳು ಅವಳೂ ಪಿಸುದನಿಯಲ್ಲಿ. “ಶನಿವಾರದಿಂದ ಮುಟ್ಟಿಲ್ಲ.”

ಗಾಳಿ ಹಾಕುತ್ತಿದ್ದವರಿಗೆ ಅದು ಅಣ್ಣ ತಂಗಿಯರ ಸಂಕಟದ ಮಾತಿನಂತೆ ಕಂಡಿರಬೇಕು, ದೂರ ಸರಿದರು. ಕಂಡಕ್ಟರ ಕೈ ತಾನಾಗಿ ಜೇಬಿಗೆ ಹೋಯಿತು. ಆರು ಮಾತ್ರೆ ಇವೆ. ಒಂದು ಕೊಟ್ಟರೆ ಸಾಕೇ? ಬಿಟ್ಟಿದ್ದು ಐದು ದಿನ, ಎರಡು ಕೊಡಬೇಕೇ? ನೀರಿನ ಲೋಟ ಪಕ್ಕದಲ್ಲೇ ಇತ್ತು. ಯಾರಿಗೂ ತಿಳಿಯುವುದಿಲ್ಲ. ಮಗಳಿಗೆ ತಿಳಿಯುವುದಿಲ್ಲ. ಒಂದು ಗುಳಿ ಒತ್ತಿ ಮಾತ್ರೆಯನ್ನು ಅಂಗೈಗೆ ಬೀಳಿಸಿಯೂ ಆಯಿತು. ಆ ಬಿಳಿ ಬಿಲ್ಲೆಯನ್ನು ನೋಡುತ್ತಾ ಅವರಿಗೆ ಒಂದು ಮಾತ್ರ ಸ್ಪಷ್ಟವಾಯಿತು: ತಮಗೆ ಗೊತ್ತಿಲ್ಲ. ಗುರುವಾರವೂ ಗೊತ್ತಿರಲಿಲ್ಲ, ಶನಿವಾರವೂ ಗೊತ್ತಿರಲಿಲ್ಲ.

“ನರ್ಸಮ್ಮಾ!”

ಓಡುವ ಬಸ್ಸನ್ನು ನಿಲ್ಲಿಸುತ್ತಿದ್ದ ದನಿ ಅದು. ಬೀದಿಯಲ್ಲಿ ಕೂತಿದ್ದವರೂ ಎದ್ದು ನಿಂತರು.

“ಇದು ದುಃಖ ಅಲ್ಲ,” ಎಂದರು ಕಂಡಕ್ಟರು, ಓಡಿಬಂದ ನರ್ಸಮ್ಮನಿಗೆ, ಅವಳ ಹಿಂದೆ ಬಾಗಿಲಲ್ಲಿ ನಿಂತ ಮಗಳಿಗೆ. “ಐದು ದಿನದಿಂದ ಬೀಪಿ ಮಾತ್ರೆ ತಗೊಂಡಿಲ್ಲ ಇವಳು. ನಿಲ್ಲಿಸು ಅಂದಿದ್ದು ನಾನು. ಅವಳಿಗೂ ನಾನೇ ನಿಲ್ಲಿಸಿದ್ದೆ. ಗುರುವಾರದಿಂದ ಕೊಟ್ಟಿಲ್ಲ. ಇಲ್ಲಿ ನೋಡಿ.” ಸ್ಟ್ರಿಪ್ಪನ್ನು ಹಿಡಿದು ತೋರಿಸಿದರು. “ಎಣಿಸಿ ಬೇಕಾದ್ರೆ.”

ಮಗಳು ಸ್ಟ್ರಿಪ್ಪನ್ನು ನೋಡಿದಳು, ಅವರನ್ನು ನೋಡಿದಳು.

ನರ್ಸಮ್ಮ ಆಗಲೇ ತಂಗಿಯ ಮಣಿಕಟ್ಟು ಹಿಡಿದಿದ್ದಳು. “ನೂರಾ ಹದಿನೆಂಟು. ಬೀಪಿ ಮೆಷಿನ್ ತನ್ನಿ. ಕಂಡಕ್ಟ್ರೇ, ಕೈಯಲ್ಲಿರೋದು ಕೆಳಗಿಡಿ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗಲ್ಲ. ಬಿಟ್ಟಿದ್ದಕ್ಕೆ ಅಂತ ಎರಡೆರಡು ಕೊಡೋದೂ ಅಲ್ಲ. ಆಸ್ಪತ್ರೆಗೆ ಹೋಗ್ಬೇಕು, ಈಗಲೇ. ಇವರ ಮಾತ್ರೆ ಚೀಟಿ ಎಲ್ಲಿದೆ?”

ಔಷಧಿ ಅಂಗಡಿಯವನು ಕಾರನ್ನು ಬಾಗಿಲಿಗೆ ತಂದ. ಹಿಂದಿನ ಸೀಟಿನಲ್ಲಿ ಮಗಳು ಅತ್ತೆಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಕೂತಳು. ದಾರಿಯುದ್ದಕ್ಕೂ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ.

*

ಸಂಜೆ ನಾಲ್ಕೂವರೆಗೆ ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು, ಇಸಿಜಿ ಸರಿಯಿದೆ, ಬೀಪಿ ಇಳಿಯುತ್ತಿದೆ, ಅವರ ಮಾತ್ರೆಯನ್ನು ಮತ್ತೆ ಶುರು ಮಾಡಿದ್ದೇವೆ, ನಾಳೆಯವರೆಗೆ ಇಲ್ಲೇ ಇರಲಿ ಎಂದರು. “ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ,” ಎಂದೂ ಹೇಳಿದರು. ಕಂಡಕ್ಟರು ಆ ಮಾತು ಬೇರೆ ಯಾರಿಗೋ ಹೇಳಿದ್ದೆಂಬಂತೆ ಹಿಂದೆ ತಿರುಗಿ ನೋಡಿದರು.

ಕಾರಿಡಾರಿನ ಬೆಂಚಿನಲ್ಲಿ ನರ್ಸಮ್ಮ ಅವರ ಪಕ್ಕ ಬಂದು ಕೂತಳು. ಮಗಳು ಎದುರು ಗೋಡೆಗೆ ಒರಗಿ ನಿಂತಿದ್ದಳು.

“ಒಂದು ವಿಷಯ ನಾನೂ ಹೇಳ್ಬೇಕು,” ಎಂದಳು ನರ್ಸಮ್ಮ. “ಟೇಪಕ್ಕ ಶುಕ್ರವಾರ ನನಗೆ ಫೋನ್ ಮಾಡಿದ್ರು. ಗುರುವಾರ ಒಂದು ದಿನ ತಪ್ಪಿದೆ, ನಾಡಿ ಹೀಗಿತ್ತು ಅಂದ್ರು. ನಾನು ಡಾಕ್ಟ್ರಿಗೆ ಫೋನಿನಲ್ಲೇ ಕೇಳಿದೆ. ಪೂರ್ತಿ ನಿಲ್ಲಿಸೋದು ಬೇಡ, ಮಂಗಳವಾರದವರೆಗೆ ಅರ್ಧ ತಗೊಳ್ಳಲಿ, ಮತ್ತೆ ತಲೆ ಸುತ್ತಿದ್ರೆ ತಕ್ಷಣ ಬರಲಿ ಅಂದ್ರು. ಅಕ್ಕ ಅರ್ಧ ತಗೊಳ್ತಿದ್ರು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿ ಅಂದೆ. ‘ಮಂಗಳವಾರ ಡಾಕ್ಟ್ರ ಬಾಯಿಂದಾನೇ ಕೇಳಲಿ. ಈಗ ಹೇಳಿದ್ರೆ, ನಾನು ಇವಳನ್ನ ಕೊಲ್ತಿದ್ದೆ ಅಂತ ಕೊರಗಿ ಊಟಕ್ಕೆ ಕೂರೋದೂ ಬಿಡ್ತಾರೆ’ ಅಂದ್ರು. ಸರಿ ಅಂತ ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು. ನಾನೇ ನಿಮಗೆ ಫೋನ್ ಮಾಡಿದ್ದಿದ್ರೆ, ನಿಮ್ಮ ತಂಗಿ ಶನಿವಾರ ನಿಲ್ಲಿಸ್ತಿರಲಿಲ್ಲ.”

ಕಂಡಕ್ಟರಿಗೆ ನಿಧಾನವಾಗಿ ಅರ್ಥವಾಯಿತು. ಶನಿವಾರ ಹೆಂಡತಿ ಹೂವಿನ ಹಾಗಿದ್ದದ್ದು ತಾವು ಮಾತ್ರೆ ನಿಲ್ಲಿಸಿದ್ದರಿಂದಲ್ಲ. ಅವಳು ನಿಲ್ಲಿಸದೇ ಇದ್ದದ್ದರಿಂದ. ಆ ಅರ್ಧವನ್ನೇ ತಮ್ಮ ಜಾಣತನವೆಂದು ತಿಳಿದು ತಂಗಿಗೆ ದಾಟಿಸಿದ್ದರು.

“ಹಾಗಾದ್ರೆ ಅವಳು ಹೋಗಿದ್ದು ಯಾತರಿಂದ? ಗುರುವಾರದ ಒಂದು ದಿನದಿಂದಲಾ?”

ನರ್ಸಮ್ಮ ಅವರ ಕಡೆಗೆ ತಿರುಗಿ ಕೂತಳು. “ಅದರಿಂದಾನೇ ಅಂತ ಹೇಳೋಕಾಗಲ್ಲ. ಅಲ್ಲವೇ ಅಲ್ಲ ಅಂತ ಹೇಳೋಕೂ ಆಗಲ್ಲ. ಹನ್ನೊಂದು ವರ್ಷದಿಂದ ದಣಿದ ಹಾರ್ಟು ಅದು. ಸುಳ್ಳು ಸಮಾಧಾನ ನಾನು ಹೇಳಲ್ಲ, ಕಂಡಕ್ಟ್ರೇ.”

ಎದುರು ಗೋಡೆಯಿಂದ ಮಗಳು ಬಂದು ಅಪ್ಪನ ಇನ್ನೊಂದು ಪಕ್ಕದಲ್ಲಿ ಕೂತಳು.

*

ಹೊತ್ತು ಮುಳುಗುವ ಮುಂಚೆ ಅಪ್ಪ ಮಗಳು ಮನೆಗೆ ಬಂದರು. ನಡುಮನೆ ದೊಡ್ಡದಾಗಿ ಕಂಡಿತು. ಮಗಳು ಕಿಟಕಿ ತೆರೆದಳು. ಕಂಡಕ್ಟರು ಮೆಷಿನ್ನಿನ ಡ್ರಾಯರು ಎಳೆದರು. ದಾರದ ಉಂಡೆ, ಸೀಮೆಸುಣ್ಣ, ಬಾಬಿನ್ನುಗಳ ನಡುವೆ ಗುಂಡಿಯ ಪೊಟ್ಟಣ, ಅದರೊಳಗೆ ಸ್ಟ್ರಿಪ್ಪು. ಮೂರು ಗುಳಿ ಒಡೆದಿದ್ದವು. ಮೂರನೆಯದರಲ್ಲಿ ಅರ್ಧ ಮಾತ್ರೆ ಉಳಿದಿತ್ತು, ಅಂಚು ನೇರವಾಗಿ ಕತ್ತರಿಸಿದ್ದು.

“ಐದು ಅರ್ಧ,” ಎಂದರು. “ಶುಕ್ರ, ಶನಿ, ಭಾನು, ಸೋಮ. ಮಂಗಳವಾರದ್ದೂ ತಗೊಂಡೇ ಚಪ್ಪಲಿ ಮೆಟ್ಟೋಕೆ ಹೋಗಿದಾಳೆ.”

“ಅಪ್ಪ, ಸಾಕು. ಎಣಿಸ್ಬೇಡ.”

“ಅರ್ಧ ಟಿಕೆಟ್ ಯಾವತ್ತೂ ತಪ್ಪಿಸಿದವನಲ್ಲ ನಾನು. ಕಣ್ಣೆದುರೇ ಇತ್ತು. ಕಾಣಲಿಲ್ಲ ನೋಡು.”

ಮಗಳು ಅವರ ಕೈಯಿಂದ ಸ್ಟ್ರಿಪ್ಪನ್ನು ತೆಗೆದುಕೊಂಡು, ಡ್ರಾಯರಿನಲ್ಲಿಟ್ಟು ಮುಚ್ಚಿದಳು. ಆಮೇಲೆ ಮೆಷಿನ್ನಿನ ಮೇಲಿನ ಹೊದಿಕೆ ಎಳೆದಳು. ಬೂದಿ ಬಣ್ಣದ ಕೋಟಿನ ತೋಳು, ಬಟ್ಟೆಯನ್ನು ಒತ್ತಿಹಿಡಿಯುವ ಮೆಷಿನ್ನಿನ ಪಾದದಡಿ ಸಿಕ್ಕಿಕೊಂಡಿತ್ತು. ಸೋಮವಾರ ಸಂಜೆ ಬಟ್ಟೆ ಜಾರದಿರಲೆಂದು ಅಮ್ಮ ಸೂಜಿಯನ್ನು ಒಳಗೇ ಇಳಿಸಿ ಎದ್ದಿದ್ದಳು.

“ಯಾರದ್ದೋ ಏನೋ. ಕೇಳಿಕೊಂಡು ಬರ್ತಾರೆ. ತೆಗೆದಿಡೋಣ,” ಎಂದು ಮಗಳು ಬಟ್ಟೆ ಎಳೆಯಹೋದಳು. ಬರಲಿಲ್ಲ.

“ಎಳೀಬೇಡ, ಸೂಜಿ ಮುರಿಯತ್ತೆ. ತಾಳು.”

ಕಂಡಕ್ಟರು ಸ್ಟೂಲಿನ ಮೇಲೆ ಕೂತು, ಅವಳು ಮಾಡುತ್ತಿದ್ದಂತೆಯೇ ಬಲಗೈಯನ್ನು ಚಕ್ರದ ಮೇಲಿಟ್ಟು, ತಮ್ಮ ಕಡೆಗೆ ಮೆಲ್ಲಗೆ ತಿರುಗಿಸಿದರು. ಸೂಜಿ ಮೇಲೆದ್ದಿತು. ಏಳುವಾಗ ದಾರವನ್ನು ಬಿಗಿದು, ಬಟ್ಟೆಯನ್ನು ಒಂದು ಎಳ್ಳಿನಷ್ಟು ಮುಂದಕ್ಕೆ ಸರಿಸಿ, ಅವಳು ಬಿಟ್ಟಲ್ಲಿಂದ ಒಂದು ಹೊಲಿಗೆ ಹಾಕಿತು.